ಎಷ್ಟು ಲೀಟರ್ ಎಂದು ಕೇಳಬೇಡಿ

ಬೆಲ್ಜಿಯನ್ ಬ್ಲೂ ಎಂಬ ದನದ ಚಿತ್ರ ನೋಡಿರುತ್ತೀರಿ. ಮಾಂಸಖಂಡದ ಬೆಳವಣಿಗೆಗೆ ಕಡಿವಾಣ ಹಾಕಬೇಕಾದ ಜೀನು ಅದರಲ್ಲಿ ಕೆಟ್ಟಿದೆ. ತೊಡೆ, ಭುಜಗಳು ಗರಡಿಮನೆಯ ಪೈಲ್ವಾನನವು. ಕರು ಎಷ್ಟು ದಪ್ಪವೆಂದರೆ ಹೆಚ್ಚಿನ ಹೆರಿಗೆಗಳು ಸಿಸೇರಿಯನ್ನೇ. ಬ್ರೆಜಿಲ್‌ನ ವಿಯಾಟಿನಾ-19 ಎಂಬ ಹಸು 1,101 ಕೆ.ಜಿ. ತೂಗಿದೆ. 2023ರಲ್ಲಿ ಅದರ ಮೂರನೇ ಒಂದು ಪಾಲು ಹರಾಜಾದಾಗ, ಆ ಲೆಕ್ಕದಲ್ಲಿ ಇಡೀ ಹಸುವಿನ ಬೆಲೆ 40 ಲಕ್ಷ ಡಾಲರ್ ದಾಟಿತು. ತಳಿಯ ಹೆಸರು ನೆಲ್ಲೋರ್. ಮೂಲ ನಮ್ಮ ಪಕ್ಕದ ಆಂಧ್ರದ ಓಂಗೋಲ್.

ಇಂಥ ದನಗಳ ವಿಡಿಯೊ ನೋಡಿ ಬಾಯಿ ಬಿಡುವ ಶಿವಮೊಗ್ಗದವರೇ ಗಾಂಧಿ ಬಜಾರಿನಲ್ಲಿ ಸೊಪ್ಪಿನ ಕಟ್ಟಿಗೆ ಬಾಯಿ ಹಾಕಿದ ಗಿಡ್ಡ ದನವನ್ನು ‘ಹಚಾ’ ಎಂದು ಅಟ್ಟುತ್ತಾರೆ. ದನದ ವೈಚಿತ್ರ್ಯದ ಹುಚ್ಚಿದ್ದವನಿಗೆ ಭದ್ರಾವತಿಯಷ್ಟು ಅನುಕೂಲದ ಊರು ಸಿಗುವುದು ಕಷ್ಟ. ಪಶ್ಚಿಮಕ್ಕೆ ಹೊರಟರೆ ತೀರ್ಥಹಳ್ಳಿ, ಹೊಸನಗರದ ಕಡೆ ಮಲೆನಾಡು ಗಿಡ್ಡ. ಇತ್ತ ತರೀಕೆರೆ ದಾಟಿದರೆ ಅಜ್ಜಂಪುರದಲ್ಲಿ ಅಮೃತ ಮಹಲ್. ಒಂದಕ್ಕೊಂದು ಯಾವುದರಲ್ಲೂ ಹೋಲದ ಎರಡು ತಳಿ, ಬೆಳಿಗ್ಗೆ ಒಂದು, ಸಂಜೆ ಒಂದು ನೋಡಿ ಬರಬಹುದು.

ಗಿಡ್ಡದ ಹಸು ಮೂರಡಿ ಎತ್ತರ ಮುಟ್ಟುವುದೇ ಅಪರೂಪ. ತೂಕ ಸುಮಾರು ನೂರು ಕೆ.ಜಿ. ಕಪ್ಪು, ಕಂದು, ಬೂದು, ಯಾವ ಬಣ್ಣವೂ ಆದೀತು. ಈ ಗಾತ್ರವನ್ನು ಬಡತನವೆಂದು ತಿಳಿದವರು ಜುಲೈ ತಿಂಗಳಲ್ಲಿ ಆಗುಂಬೆಯ ಕಡೆ ಹೋಗಿ ನೋಡಬೇಕು. ಜಡಿಮಳೆಯಲ್ಲಿ, ಜಾರುವ ಧರೆಯ ಮೇಲೆ ಅದು ಸಣ್ಣ ಗೊರಸೂರಿ ಹತ್ತುತ್ತದೆ. ಕಾಡಿನ ಒರಟು ಸೊಪ್ಪು ತಿಂದು, ಕತ್ತಲಾಗುವ ಹೊತ್ತಿಗೆ ತಾನೇ ಕೊಟ್ಟಿಗೆಗೆ ಬರುತ್ತದೆ. ಸೀಮೆ ಹಸುವನ್ನು ಅಲ್ಲಿ ಬಿಟ್ಟರೆ ಮೊದಲ ವಾರದಲ್ಲೇ ಡಾಕ್ಟರಿಗೆ ಫೋನು ಮಾಡಬೇಕಾಗುತ್ತದೆ. ಬೇಲಿ ಹಾರುವುದರಲ್ಲಿ ಮಾತ್ರ ಇದರದು ಕೆಟ್ಟ ಹೆಸರು, ನ್ಯಾಯವಾಗಿಯೇ ಬಂದದ್ದು.

ಹಾಲು ದಿನಕ್ಕೆ ಒಂದೆರಡು ಲೀಟರ್. ಆದರೆ ಮಲೆನಾಡಿನ ಅಡಿಕೆ ಬೆಳೆಗಾರ ದನ ಸಾಕಿದ್ದು ಹಾಲಿಗಾಗಿ ಮಾತ್ರವಲ್ಲ. ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಗು ಸಗಣಿ-ಗಂಜಲದಲ್ಲಿ ನೆನೆದು ಗೊಬ್ಬರವಾಗಿ ತೋಟದ ಬುಡ ಸೇರಬೇಕಿತ್ತು. ಆ ಲೆಕ್ಕದಲ್ಲಿ ಗಿಡ್ಡ ಎಂದೂ ಸೋತಿಲ್ಲ. ಅದು ತಳಿಯಾಗಿ ಅಧಿಕೃತವಾಗಿ ನೋಂದಣಿಯಾದದ್ದು 2012ರಲ್ಲಿ. ಶತಮಾನಗಳ ಕಾಲ ಮಲೆನಾಡನ್ನು ಸಾಕಿದ್ದಕ್ಕೆ ಇಷ್ಟು ತಡವಾಗಿ ಒಂದು ಕಾಗದ!

ಅಮೃತ ಮಹಲಿನದು ಅರಮನೆಯ ಚರಿತ್ರೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಬೆಣ್ಣೆ, ಅಮೃತ ಎಂದು ಹೆಸರಿದ್ದರೂ ಈ ದನಕ್ಕೆ ಹಾಲು ಕಡಿಮೆಯೇ. ಇದರ ಕೀರ್ತಿ ಸೈನ್ಯದ ಫಿರಂಗಿ, ಸಾಮಾನು ಎಳೆದದ್ದರಿಂದ ಬಂದದ್ದು. ಹತ್ತಿರದಿಂದ ನೋಡಿ: ಉದ್ದ ಮುಖ, ಹಣೆಯ ನಡುವೆ ಸಣ್ಣ ತಗ್ಗು, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಕೊಂಬು, ತುದಿ ಸೂಜಿಮೊನೆ. ಕಾವಲು ಎಂಬ ಹುಲ್ಲುಗಾವಲುಗಳಲ್ಲಿ ಅರೆಕಾಡು ಪ್ರಾಣಿಯಾಗಿ ಬೆಳೆದದ್ದರಿಂದ ಅಪರಿಚಿತರನ್ನು ಕಂಡರೆ ತಲೆ ಎತ್ತಿ ದಿಟ್ಟಿಸುತ್ತದೆ. ದೀಪಾವಳಿಯ ನಂತರ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಕೊಬ್ಬರಿ ಹಾರ ಹೊತ್ತು ಜನರ ನಡುವೆ ನುಗ್ಗುವ ಹೋರಿಗಳಲ್ಲಿ ಈ ರಕ್ತ ಬೇಕಾದಷ್ಟಿದೆ.

ತಳಿಗಿಂತ ಬೇಗ ಕರಗುತ್ತಿರುವುದು ಕಾವಲು. ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು. ಹುಲ್ಲುಗಾವಲಿಲ್ಲದೆ ವೀರ್ಯದ ಕಡ್ಡಿಯಲ್ಲಿ ಅಮೃತ ಮಹಲ್ ಉಳಿಸುತ್ತೇವೆಂಬುದನ್ನು ನಾನು ನಂಬುವುದಿಲ್ಲ. ಆ ಓಟ, ಆ ಸಿಟ್ಟು ಬಯಲಿನಿಂದ ಬಂದದ್ದು.

ಅಜ್ಜಂಪುರದ ತಳಿ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ. ಒಮ್ಮೆ ಹೋಗಿ ಬನ್ನಿ, ಕೊಳ್ಳದಿದ್ದರೂ ಚಿಂತೆಯಿಲ್ಲ. ಬೇಲಿಯ ಈಚೆಯೇ ನಿಲ್ಲಿ, ಕೊಡೆ ಬಿಚ್ಚಬೇಡಿ, ಹಾಲೆಷ್ಟು ಎಂದು ಮಾತ್ರ ಯಾರನ್ನೂ ಕೇಳಬೇಡಿ.