ಲುಕೌಟ್‌ನ ಲೆಕ್ಕದ ಪುಸ್ತಕ

ಲ್ಯಾರಿ ಲಿವರ್‌ಮೋರ್ 2015ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದ ಹೆಸರಿನಲ್ಲೇ ಒಂದು ಚೇಷ್ಟೆ ಇದೆ. ರೆಕಾರ್ಡ್ ಲೇಬಲ್ 'ರನ್' ಮಾಡುವುದು ಹೇಗೆ ಎಂದು ಓದಲು ಹೊರಟರೆ, ಕಂಸದೊಳಗೆ ಕೂತ ಒಂದು 'ಐ' ಅಕ್ಷರ ಅದನ್ನು 'ರೂಯಿನ್' ಮಾಡಿಬಿಡುತ್ತದೆ. ನಡೆಸುವುದು ಹೇಗೆ, ಕೆಡಿಸುವುದು ಹೇಗೆ, ಎರಡೂ ಒಂದೇ ಪದದಲ್ಲಿ.

ಪುಣೆಯ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಕೊಟ್ಟ ಗ್ರೀನ್ ಡೇ ಕ್ಯಾಸೆಟ್ ಕೇಳಿದಾಗ ಲುಕೌಟ್ ಎಂಬ ಹೆಸರೇ ನನಗೆ ಗೊತ್ತಿರಲಿಲ್ಲ. ಲಿವರ್‌ಮೋರ್ ಮತ್ತು ಡೇವಿಡ್ ಹೇಯ್ಸ್ 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಶುರುಮಾಡಿದರು. ಬರ್ಕ್ಲಿಯ ಗಿಲ್‌ಮನ್ ಬೀದಿಯ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಹುಡುಗರ ಏಳಿಂಚಿನ ರೆಕಾರ್ಡುಗಳು ಆರಂಭದ ಸರಕಿನಲ್ಲಿದ್ದವು. ಲಿವರ್‌ಮೋರ್‌ನ ಸ್ವಂತ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು ಹನ್ನೆರಡು ವರ್ಷದ ನೆರೆಮನೆ ಹುಡುಗ. ಮುಂದೆ ಗ್ರೀನ್ ಡೇಯ ಟ್ರೇ ಕೂಲ್ ಆದವನು ಅವನೇ. ಆಪರೇಷನ್ ಐವಿಯ ಒಂದೇ ಒಂದು ಆಲ್ಬಮ್ 1989ರಲ್ಲಿ ಬಂತು. ಆಮೇಲೆ ಗ್ರೀನ್ ಡೇಯ ಮೊದಲ ಎರಡು ಆಲ್ಬಮ್. ಅವರು ದೊಡ್ಡ ಕಂಪನಿ ಸೇರಿ 1994ರಲ್ಲಿ 'ಡೂಕಿ' ತಂದಾಗ, ಹಳೆಯದನ್ನು ಹುಡುಕಿಕೊಂಡು ಬಂದವರ ದುಡ್ಡು ಲುಕೌಟ್‌ಗೆ ಹರಿಯಿತು.

ಗಮನಿಸಬೇಕಾದ್ದು ಏನೆಂದರೆ, ಹೋಗುವಾಗ ಅವರು ಹಳೆಯ ಆಲ್ಬಮ್‌ಗಳನ್ನು ಕೊಂಡೊಯ್ಯಲಿಲ್ಲ. ವರ್ಷಗಟ್ಟಲೆ ಲುಕೌಟ್‌ನಲ್ಲೇ ಬಿಟ್ಟರು. 1997ರಲ್ಲಿ ಲಿವರ್‌ಮೋರ್ ಹೊರಬಿದ್ದ. ಹದಿಹರೆಯದಲ್ಲೇ ಲೇಬಲ್‌ಗೆ ಬಂದಿದ್ದ ಕ್ರಿಸ್ ಆಪೆಲ್‌ಗ್ರೆನ್ ನೊಗ ಹೊತ್ತ. ಹೊಸ ಬ್ಯಾಂಡುಗಳು ಬಂದವು, ಪ್ರಚಾರದ ಖರ್ಚು ಬೆಳೆಯಿತು. ಟೆಡ್ ಲಿಯೋನ ಆಗಿನ ಆಲ್ಬಮ್‌ಗಳು ನನಗೆ ಇಂದಿಗೂ ಇಷ್ಟ, ಸುಳ್ಳು ಹೇಳಲಾರೆ. ಆದರೆ ಹೊಸಬರಿಗೆ ಖರ್ಚಾಗುತ್ತಿದ್ದಾಗ ಹಳಬರ ರಾಯಲ್ಟಿ ಬಾಕಿ ಬೀಳುತ್ತಿತ್ತು. 2005ರಲ್ಲಿ ಗ್ರೀನ್ ಡೇ ತನ್ನ ಆಲ್ಬಮ್‌ಗಳನ್ನು ವಾಪಸು ಪಡೆಯಿತು. ಬೇರೆ ಬ್ಯಾಂಡುಗಳೂ ಪಡೆದವು. ಹೆಚ್ಚಿನ ನೌಕರರು ಕೆಲಸ ಕಳೆದುಕೊಂಡರು, ಹೊಸ ರೆಕಾರ್ಡು ನಿಂತವು.

ದೊಡ್ಡವರಾದ ಮೇಲೆ ಸಾಕಿದವರ ಕೈಬಿಟ್ಟರು ಎಂದು ಈ ಕತೆ ಹೇಳುವ ಅಭಿಮಾನಿಗಳಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಂಬಿಕೆಯ ಮೇಲೆ ನಡೆಯುತ್ತೇವೆ, ನಾವು ದೊಡ್ಡ ಕಂಪನಿಗಳಂತಲ್ಲ ಎಂದು ಹೇಳಿಕೊಂಡ ಲೇಬಲ್‌ಗೆ ಲೆಕ್ಕದ ಪುಸ್ತಕವೇ ರಾಜಕೀಯ. ಬಾಕಿ ಉಳಿಸಿಕೊಂಡ ದಿನ ಆ ವ್ಯತ್ಯಾಸ ಹೋಯಿತು. (ನಮ್ಮ ಸಣ್ಣ ಪತ್ರಿಕೆಗಳ ಬಗ್ಗೆಯೂ 'ಓದುಗರಿಲ್ಲದೆ ನಿಂತಿತು' ಎಂದು ಮರುಗುತ್ತೇವೆ. ಲೇಖಕರಿಗೆ ಎಷ್ಟು ಕೊಡುವುದಿತ್ತು ಎಂದು ಯಾರೂ ಕೇಳುವುದಿಲ್ಲ.)

ಪುಸ್ತಕದ ಕೊರತೆಯೂ ಇಲ್ಲೇ. ಶುರುವಿನ ದಿನಗಳನ್ನು, ತನ್ನ ಹಟ ಮತ್ತು ಜಗಳಗಳನ್ನೂ ಸೇರಿಸಿ, ಲಿವರ್‌ಮೋರ್ ಮುಲಾಜಿಲ್ಲದೆ ಬರೆಯುತ್ತಾನೆ. ಆದರೆ ಮುಚ್ಚುವಾಗ ಅವನು ಒಳಗಿರಲಿಲ್ಲ.

ಅದೇ 1987ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಸಾರಾ ರೆಕಾರ್ಡ್ಸ್ ಅನ್ನು ಇದಕ್ಕೆದುರು ನಿಲ್ಲಿಸುವುದುಂಟು. ಸಂಗೀತ ಮೆಲುದನಿಯದು, ಛಲ ಮಾತ್ರ ಪಂಕ್‌ನದೇ. ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ 1995ರಲ್ಲಿ ನೂರನೆಯ ಬಿಡುಗಡೆಗೆ ಸರಿಯಾಗಿ, ಜಾಹೀರಾತು ಕೊಟ್ಟು, ಪಾರ್ಟಿ ಮಾಡಿ ತಾವೇ ನಿಲ್ಲಿಸಿದರು. ಸೊಗಸಾದ ಮುಕ್ತಾಯ, ನಿಜ. ಆದರೆ ಅವರ ಬಾಗಿಲಿಗೆ 'ಡೂಕಿ' ಬರಲಿಲ್ಲ. ಲಕ್ಷಗಟ್ಟಲೆ ಮಾರಾಟವಾಗುವ ಹಳೆಯ ಆಲ್ಬಮ್ ಕೈಯಲ್ಲಿದ್ದಾಗ ನಿಲ್ಲಿಸುವುದು ಬೇರೆಯೇ ಮಾತು.

ಲುಕೌಟ್ ಮುಚ್ಚಿದ್ದು 2012ರಲ್ಲಿ. 2005ರಿಂದ ಅಲ್ಲಿಯವರೆಗೆ ನಡೆದದ್ದು ಹಳೆಯದರ ಮಾರಾಟ, ಕೊನೆಗೆ ಉಳಿದ ಮಾಸ್ಟರ್ ಟೇಪುಗಳನ್ನು ಬ್ಯಾಂಡುಗಳಿಗೆ ಮರಳಿಸುವ ಕೆಲಸ. ಹಾಡಾಗದ, ಯಾರೂ ಹೊಗಳದ ಕೆಲಸ ಅದು. ನನ್ನ ದೃಷ್ಟಿಯಲ್ಲಿ ಆ ಲೇಬಲ್‌ನ ಕೊನೆಯ ಒಳ್ಳೆಯ ಬಿಡುಗಡೆ. ಆಪರೇಷನ್ ಐವಿ ಅದಕ್ಕೂ ಮೊದಲೇ, 2007ರಲ್ಲಿ, ಗಿಟಾರಿಸ್ಟ್ ಟಿಮ್ ಆರ್ಮ್‌ಸ್ಟ್ರಾಂಗ್‌ನ ಹೆಲ್‌ಕ್ಯಾಟ್‌ನಿಂದ ಮರುಮುದ್ರಣಗೊಂಡಿತ್ತು. ನನ್ನ ಹತ್ತಿರ ಇರುವುದು ಆ ಪ್ರತಿಯೇ.