ಮೈಸೂರು ಅರಮನೆಯ ಅಧ್ಯಯನ: ಶೈಲಿ ಮತ್ತು ವಿನ್ಯಾಸ

ಮೈಸೂರು ಅರಮನೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ‘ಇಂಡೋ-ಸಾರ್ಸೆನಿಕ್’ ಎಂಬ ಒಂದೇ ಪದಕ್ಕೆ ನಿಂತುಬಿಡುತ್ತವೆ. ಶೋಳಿಂಗನಲ್ಲೂರಿನಲ್ಲಿದ್ದು ಈ ವಿಷಯವನ್ನು ಅಭ್ಯಸಿಸುವವರಿಗೆ ಆ ಪದ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ 1892ರಲ್ಲಿ ಪೂರ್ಣಗೊಂಡ ಮದರಾಸು ಹೈಕೋರ್ಟಿನ ನಿರ್ಮಾಣದಲ್ಲಿಯೂ ಪಾತ್ರವಿತ್ತು. ಆದರೆ ಗುಮ್ಮಟಗಳ ಸಾಮ್ಯವೊಂದೇ ಅರಮನೆಯನ್ನು ವಿವರಿಸಲಾರದು. 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಮರದ ಅರಮನೆ ಸುಟ್ಟುಹೋದಾಗ ಹೊಸದನ್ನು ಕಟ್ಟಿಸಲು ಮುಂದಾದವರು ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರು. 1912ರಲ್ಲಿ ಮುಗಿದ ಕಟ್ಟಡವು ಹಳೆಯದರ ವಿನ್ಯಾಸವನ್ನೇ ಬಹುಪಾಲು ಅನುಸರಿಸಿತು. ದಸರಾ ದರ್ಬಾರು, ಕಲ್ಯಾಣಮಂಟಪ, ಅಂಬಾವಿಲಾಸಗಳಲ್ಲಿ ಅರಸುಮನೆತನದ ಆಚರಣೆಗಳ ಅಗತ್ಯ ಸ್ಪಷ್ಟವಾಗಿ ಕಾಣುತ್ತದೆ. ವಾಸ್ತುಶಿಲ್ಪಿಯೊಬ್ಬನ ಹೆಸರನ್ನಷ್ಟೇ ನೆನೆಯುವ ಚರಿತ್ರೆ ಕಟ್ಟಿಸಿದವರನ್ನೂ ಬಳಸಿದವರನ್ನೂ ಮರೆಯುತ್ತದೆ. ಆದುದರಿಂದ ಹೊರನಾಡಿನ ಸಂಶೋಧಕರು ಕಟ್ಟಡದ ಹೊರಮೈಯಿಂದಲ್ಲ, ಒಳಗಿನ ಬಳಕೆಯಿಂದ ಅಧ್ಯಯನವನ್ನು ಆರಂಭಿಸುವುದು ಉಚಿತ.