ಬುಲ್‌ಬುಲ್ ಏನಂದಳು?

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ತೆರೆಗೆ ಬಂದದ್ದು 1972ರಲ್ಲಿ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಪುಂಡ ಜಲೀಲನಾಗಿ. ಪಾತ್ರ ಚಿಕ್ಕದು. ಚಿತ್ರದುರ್ಗದ ಬೀದಿಯಲ್ಲಿ ಅಲಮೇಲುವಿನ ಬೆನ್ನುಬಿದ್ದು, ‘ಬುಲ್‌ಬುಲ್’ ಎಂದು ಕರೆದು ಮಾತಾಡಿಸಲು ನೋಡುತ್ತಾನೆ. ನಾಯಕ ರಾಮಾಚಾರಿಯಿಂದ ಒದೆ ತಿನ್ನುತ್ತಾನೆ. ಚಿತ್ರವೇನೂ ಅವನ ಬೆನ್ನು ತಟ್ಟುವುದಿಲ್ಲ. ತಟ್ಟಿದವರು ನಾವು, ಮಂಡ್ಯದ ಕಡೆಯವರು ಇನ್ನೂ ಒಂದು ಕೈ ಮೇಲೆ. ಬೀದಿಯ ಆ ಕೀಟಲೆ ಅಭಿಮಾನದ ಕೂಗಾಯಿತು. 2013ರಲ್ಲಿ ದರ್ಶನ್ ಜೊತೆ ಅಂಬರೀಶ್ ನಟಿಸಿದ ಚಿತ್ರಕ್ಕೆ ಹೆಸರೂ ಆಯಿತು.

ಸಿನಿಮಾ ಚಿಂತಕಿ ಲಾರಾ ಮಲ್ವೆ 1975ರ ತಮ್ಮ ಪ್ರಬಂಧದಲ್ಲಿ ಕ್ಯಾಮೆರಾ, ನಾಯಕ, ಪ್ರೇಕ್ಷಕ ಈ ಮೂವರ ಕಣ್ಣೂ ಗಂಡಿನದೇ ಎಂದರು. ಜಲೀಲನ ಮಟ್ಟಿಗೆ ದೊಡ್ಡ ಪಾಲು ಮೂರನೆಯವನದು. ನಮ್ಮ ನೆನಪು ಕತ್ತರಿ ಹಿಡಿದು ಕೂತು, ಹುಡುಗನ ಸಿಗರೇಟು ಮತ್ತು ಗತ್ತನ್ನು ಉಳಿಸಿಕೊಂಡು ಹುಡುಗಿಯ ಮುಖವನ್ನು ಕಿತ್ತೆಸೆಯಿತು. ಹಾಗೆಂದು ಪುಟ್ಟಣ್ಣನವರನ್ನು ಪೂರಾ ಬಿಡುವಂತಿಲ್ಲ. ಅಲಮೇಲುವಿನ ಕಷ್ಟ ಬಗೆಹರಿಯುವುದು ಅಣ್ಣ ವರದ ಮತ್ತು ರಾಮಾಚಾರಿಯ ನಡುವೆ. ಅವಳದೇನಿದ್ದರೂ ಹೆದರುವುದು, ಆಮೇಲೆ ಒಲಿಯುವುದು.

ಮುಂದೆ 1994ರಲ್ಲಿ ಅಂಬರೀಶರ ‘ಮಂಡ್ಯದ ಗಂಡು’ ಬಂತು. ಊರಿನ ಹೆಸರಿಗೆ ಗಂಡು ಅಂಟಿಕೊಂಡೇ ಬರುತ್ತದೆ ನೋಡಿ. ಮಂಡ್ಯದ ಹೆಣ್ಣು ಅಂತ ಒಂದು ಸಿನಿಮಾ ನನಗಂತೂ ನೆನಪಾಗುವುದಿಲ್ಲ.

ಈ ಜಿಲ್ಲೆಯನ್ನು ಬೇರೆ ಕಣ್ಣಲ್ಲಿ ನೋಡಿದ್ದು ನೊದೆಕೊಪ್ಪಲಿನಲ್ಲಿ ತೆಗೆದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ರಾಮ್ ರೆಡ್ಡಿಯವರ ‘ತಿಥಿ’. ಚಿತ್ರಕಥೆಯಲ್ಲಿ ಅವರ ಜೊತೆ ಈರೇಗೌಡರ ಕೈಯಿದೆ. ನಟಿಸಿದವರು ಹಳ್ಳಿಯ ಜನವೇ. ಬೀದಿಯಲ್ಲಿ ಕೂತು ಹೋಗುವ ಬರುವವರನ್ನೆಲ್ಲ ಬೈಯುವ ಸೆಂಚುರಿಗೌಡ ಮೊದಲಲ್ಲೇ ಸಾಯುತ್ತಾನೆ. ಮರಿಮಗ ಅಭಿ ತಿಥಿಯ ಕೆಲಸ ಬಿಟ್ಟು, ಕುರಿ ಕಾಯುವ ಕಾವೇರಿಯ ಹಿಂದೆ ಅಲೆಯುತ್ತಾನೆ. ಇಲ್ಲಿ ಕ್ಯಾಮೆರಾ ದೂರ ನಿಲ್ಲುತ್ತದೆ. ಕಾವೇರಿಯನ್ನು ಸೊಂಟ, ತುಟಿ ಎಂದು ತುಂಡು ಮಾಡುವುದಿಲ್ಲ. ಅವಳಿಗೆ ಕೈತುಂಬ ಕೆಲಸವಿದೆ, ಸುತ್ತ ಅವಳ ಜನವಿದ್ದಾರೆ. ನಗೆಪಾಟಲಾಗುವವನು ನೋಡುವ ಹುಡುಗನೇ. ಇಷ್ಟು ಹದವಾದ ನೋಟ ನಮ್ಮ ಸಿನಿಮಾದಲ್ಲಿ ಅಪರೂಪ.

ಆದರೆ ಕಥೆ ಹಳೆಯ ಜಾಡನ್ನೇ ಹಿಡಿಯುತ್ತದೆ. ಬೆನ್ನುಬಿದ್ದವನಿಗೆ ಕೊನೆಗೆ ಹುಡುಗಿ ಒಲಿಯುತ್ತಾಳೆ. ಯಾಕೆ ಒಲಿದಳು, ನಮಗೆ ತಿಳಿಯುವುದಿಲ್ಲ. ಸೆಂಚುರಿಗೌಡನ ಮಗ ಗಡ್ಡಪ್ಪ ತನ್ನ ಬಾಳಿನ ಗಾಯವನ್ನು ಕುರಿಯವರ ಮುಂದೆ ಬಿಚ್ಚುವ ರಾತ್ರಿ ಚಿತ್ರದ ಜೀವ. ಅಲ್ಲೂ ಸತ್ತ ಹೆಂಡತಿಯ ಕಥೆ ಗಂಡನ ಬಾಯಲ್ಲೇ ಬರಬೇಕು. ‘ತಿಥಿ’ ಕ್ಯಾಮೆರಾವನ್ನು ತಿದ್ದಿತು, ಕಥೆಯನ್ನು ತಿದ್ದಲಿಲ್ಲ.

ಮುಂದಿನ ಸಲ ಟಿ.ವಿ.ಯಲ್ಲಿ ‘ನಾಗರಹಾವು’ ಬಂದರೆ, ಜಲೀಲ ಬಾಯಿ ತೆರೆದಾಗ ಅವನನ್ನು ಬಿಟ್ಟು ಅಲಮೇಲುವಾಗಿ ನಿಂತ ಆರತಿಯ ಮುಖ ನೋಡಿ.